ಹಳೆ ಕಾರಿಗೆ ಅಲಾರ್ಮ್ ಹಾಕಿಸಿ, ಮೂಲ ವಯರಿಂಗ್ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್ ಕೊನೆಗೆ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ ನಿಂತಿತು. ಆದರೆ ಮಾಟುಂಗಾ, ಚೆಂಬೂರು, ಡೊಂಬಿವಲಿಯ ಕನ್ನಡಿಗರ ಬಿಲ್ಡಿಂಗುಗಳ ಕೆಳಗೆ ಖಾಸಗಿ ಪದ್ಮಿನಿ, ಅಂಬಾಸಿಡರ್‌ಗಳು ಇನ್ನೂ ಜತನದಿಂದ ನಿಂತಿವೆ. ಕುರ್ಲಾದಲ್ಲೇ ತಯಾರಾದ ಪದ್ಮಿನಿಯ ಒಳಗೆ ಕೈ ಹಾಕಲು ಕಳ್ಳನಿಗೆ ಕೀಲಿ ಬೇಕಿಲ್ಲ, ಮುಂದಿನ ತ್ರಿಕೋನ ಗಾಜಿನ ಚಿಲಕ ಸಡಿಲವಾಗಿದ್ದರೆ ಸಾಕು. ಹಾಗಾಗಿ ಮಾಲೀಕರು ಅಲಾರ್ಮ್ ಹಾಕಿಸುತ್ತಿರುವುದು ಸರಿಯೇ. ಹಾಕಿಸುವ ರೀತಿ ಮಾತ್ರ ಬಹಳ ಕಡೆ ತಪ್ಪುತ್ತಿದೆ.

ಹೊಸ ಕಾರಿಗೆಂದು ಮಾಡಿದ ಕಿಟ್ಟನ್ನು ಗಂಟೆಯೊಳಗೆ ಕೂರಿಸಿಕೊಡುವವರು ಡ್ಯಾಶ್‌ಬೋರ್ಡಿನಡಿಯ ಹಳೆ ವಯರಿಗೆ ಒತ್ತುವ ಕ್ಲಿಪ್ಪು ಹಾಕುತ್ತಾರೆ. ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾದ ಪ್ಲಾಸ್ಟಿಕ್ ಹೊದಿಕೆ ಅಲ್ಲಿಗೇ ಬಿರಿಯುತ್ತದೆ, ಕ್ಲಿಪ್ಪಿನ ಬ್ಲೇಡು ತಾಮ್ರದ ಎಳೆಗಳನ್ನೂ ಕತ್ತರಿಸುತ್ತದೆ. ಉಳಿದ ಎಳೆಗಳು ಕಡಲಗಾಳಿಗೆ ಹಸಿರುಗಟ್ಟುತ್ತವೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಲೈಟು ಮಿಣುಕುವುದು, ಗಾಡಿ ಕೆಮ್ಮುವುದು ಶುರು. ಜೋಡಣೆ ಎಲ್ಲೇ ಇರಲಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಲೇಬೇಕು.

ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿ ನೋಡಿ. ಹಳೆಯ ಮಾರಿಸ್ ಮೈನರ್, ಆಸ್ಟಿನ್‌ಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಕಾರಿನ ಲೋಹದ ಬಾಡಿಗೆ ಸೇರಿರುತ್ತದೆ. ಅದನ್ನು ಗಮನಿಸದೆ ಕಿಟ್ಟಿನ ಕಪ್ಪು ವಯರನ್ನು ಬಾಡಿಗೆ, ಕೆಂಪನ್ನು ಬ್ಯಾಟರಿಗೆ ಕೊಟ್ಟರೆ ಅಲಾರ್ಮಿನ ಡಬ್ಬಿ ಸುಡುತ್ತದೆ. ಹಳೆ ವಿಲ್ಲೀಸ್ ಜೀಪಿನಂಥ 6 ವೋಲ್ಟ್ ಗಾಡಿಗೆ 12 ವೋಲ್ಟಿನ ಕಿಟ್ ನಡೆಯುವುದೇ ಇಲ್ಲ. ಇಂಥವಕ್ಕೆ ಸ್ಟೇರಿಂಗ್ ಲಾಕು ಮತ್ತು ಚೋರ್ ಸ್ವಿಚ್ (ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಮರೆಯ ಸ್ವಿಚ್) ಸಾಕು.

ಸೈರನ್ ಕೂಗಿದರೆ ಗಾಡಿ ಉಳಿಯುತ್ತದೆ ಎಂದುಕೊಳ್ಳಬೇಡಿ. ಉಳಿಸುವುದು ಇಂಜಿನ್ ಬಂದ್ ಮಾಡುವ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್. ಐದು ಪಿನ್ನಿನ, 30 ಆಂಪಿಯರ್‌ನ ಸಾಮಾನ್ಯ ರಿಲೇ ತನ್ನಿ. ಇಗ್ನಿಷನ್ ಸ್ವಿಚ್ಚಿನಿಂದ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕೊಡುವ ಕಾಯಿಲಿನ ಪ್ಲಸ್‌ಗೆ ಬರುವ ವಯರನ್ನು ಕತ್ತರಿಸುವ ಅಗತ್ಯವಿಲ್ಲ. ಕಾಯಿಲಿನ ಮೇಲಿನ ಲಗ್ (ವಯರಿನ ತುದಿಯ ಲೋಹದ ಕೊಂಡಿ) ಕಳಚಿ, ಅದಕ್ಕೆ 1.5 ಚದರ ಮಿ.ಮೀ. ವಯರು ಸಿಕ್ಕಿಸಿ ರಿಲೇಯ 30ನೇ ಪಿನ್ನಿಗೆ ಒಯ್ಯಿರಿ. ಕಳಚಿದ ಲಗ್ ಬಾಡಿಗೆ ತಾಗದಂತೆ ಸ್ಲೀವ್ ಹಾಕಿ. ರಿಲೇ ಎಳೆಯದಿದ್ದಾಗ 30ಕ್ಕೆ ಸೇರಿಕೊಂಡೇ ಇರುವ 87ಎ ಪಿನ್ನಿನಿಂದ ಇನ್ನೊಂದು ವಯರು ಕಾಯಿಲಿಗೆ ವಾಪಸು ಬರಲಿ. 86ಕ್ಕೆ ಇಗ್ನಿಷನ್ ಕರೆಂಟು, 85ಕ್ಕೆ ಅಲಾರ್ಮ್ ‘ಆರ್ಮ್’ ಆದಾಗ (ಕಾವಲಿಗೆ ನಿಂತಾಗ) ಅರ್ತ್, ಅಂದರೆ ಬಾಡಿಯ ಸಂಪರ್ಕ, ಕೊಡುವ ಅದರ ವಯರು. ಹೀಗಿದ್ದರೆ ನಿಂತ ಗಾಡಿಯಲ್ಲಿ ರಿಲೇ ಕರೆಂಟು ಕುಡಿಯುವುದಿಲ್ಲ, ಡಬ್ಬಿ ಕೆಟ್ಟರೂ ಗಾಡಿ ದಾರಿಯಲ್ಲಿ ಕೈಕೊಡುವುದಿಲ್ಲ. 87ಎ ಬದಲು 87ಕ್ಕೆ ಕೊಡುವವರಿದ್ದಾರೆ, ಹಾಗೆ ಮಾಡಿದರೆ ಓಡುವಷ್ಟು ಹೊತ್ತೂ ರಿಲೇ ಎಳೆದುಕೊಂಡೇ ಇರಬೇಕು. ಅದು ಬಿಟ್ಟ ಕ್ಷಣ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ನಡುವೆ ಇಂಜಿನ್ ಸಾಯುತ್ತದೆ.

ಇಷ್ಟಾದರೂ ಬಾನೆಟ್ ಎತ್ತಿ ಬ್ಯಾಟರಿಯಿಂದ ಕಾಯಿಲಿಗೆ ನೇರ ವಯರು ಕೊಟ್ಟವನಿಗೆ ಈ ರಿಲೇ ಅಡ್ಡಿಯಲ್ಲ. ಅಲ್ಲೇ ಚೋರ್ ಸ್ವಿಚ್ಚಿನ ಉಪಯೋಗ. ಕಾಯಿಲಿನ ಮೈನಸ್‌ನಿಂದ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಯಿಂದ, ಒಂದು ವಯರನ್ನು ಕಪ್ಪು ಟೇಪು ಸುತ್ತಿ ಮೂಲ ವಯರಿಂಗಿನ ಜೊತೆಗೇ ಒಳಗೆ ತಂದು ಮರೆಯಾದ ಸ್ವಿಚ್ಚಿನ ಮೂಲಕ ಅರ್ತ್‌ಗೆ ಕೊಡಿ. ಗಾಡಿ ನಿಲ್ಲಿಸಿದಾಗ ಸ್ವಿಚ್ ಹಾಕಿದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ತೆರೆದರೂ ಕರೆಂಟು ಕಡಿಯುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ಒಂದು ಎಚ್ಚರ: ಆಗ ಕೀಲಿಯನ್ನು ಆನ್‌ನಲ್ಲಿ ಬಿಡಬಾರದು. ಕಾಯಿಲಿನಲ್ಲಿ ಸುಮಾರು 4 ಆಂಪಿಯರ್ ಹರಿಯುತ್ತಲೇ ಇದ್ದು ಅದು ಕಾದು ಕೆಡುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಇದನ್ನು ಮಾಡಬೇಡಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಡಿಸ್ಟ್ರಿಬ್ಯೂಟರಿನ ರೋಟರ್ ತೆಗೆದು ಮನೆಯಲ್ಲಿಟ್ಟು ಹೋಗಲಿ. ಬೆರಳಷ್ಟಿರುವ ಆ ತುಂಡಿಲ್ಲದೆ ಯಾವ ಕಳ್ಳನಿಂದಲೂ ಇಂಜಿನ್ ಸ್ಟಾರ್ಟ್ ಆಗದು.

ಬಾಗಿಲಿನ ಸ್ವಿಚ್ಚಿಗಾಗಿ ಅದರ ಪಕ್ಕದ ಕಂಬಕ್ಕೆ ಡ್ರಿಲ್ ಹಾಕಿಸಬೇಡಿ, ಆ ತೂತಿನಿಂದಲೇ ತುಕ್ಕು ಹಬ್ಬುತ್ತದೆ. ಮನೆಬಾಗಿಲಿನ ಅಲಾರ್ಮಿಗೆ ಬಳಸುವ ಅಯಸ್ಕಾಂತದ ಸ್ವಿಚ್ಚನ್ನು ಅಂಟಿಸಿದರೆ ಆಯಿತು. ಕಬ್ಬಿಣದ ಬಾಗಿಲು ಅಯಸ್ಕಾಂತದ ಬಲವನ್ನು ತಗ್ಗಿಸುವುದರಿಂದ ಅಂತರವನ್ನು ಮೊದಲೇ ಟೇಪಿನಲ್ಲಿ ಅಂಟಿಸಿ ಪರೀಕ್ಷಿಸಿ. ಬಾನೆಟ್ಟಿಗೆ ಪಿನ್ ಸ್ವಿಚ್ ತಪ್ಪದೆ ಬೇಕು, ಇರುವ ಬೋಲ್ಟಿಗೇ ಪಟ್ಟಿ ಕಟ್ಟಿ ಕೂರಿಸಬಹುದು. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನೋಂದಣಿ ನಿಯಮದಡಿ ‘ವಿಎ’ ನಂಬರು ಬೇಕೆನ್ನುವವರಂತೂ ಬಾಡಿಗೆ ಕೈ ಹಚ್ಚದಿರುವುದೇ ಒಳ್ಳೆಯದು.

ಅಲಾರ್ಮಿನಿಂದ ಇಂಡಿಕೇಟರ್ ಮಿನುಗಿಸಲು ಒಂದೇ ವಯರನ್ನು ಎರಡೂ ಬದಿಗೆ ಸೇರಿಸಿದರೆ, ಬಲಕ್ಕೆ ಹಾಕಿದ ಇಂಡಿಕೇಟರ್ ಎಡಕ್ಕೂ ಮಿನುಗುತ್ತದೆ. ಪ್ರತಿ ಬದಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು ಡಯೋಡ್ ಬೇಕು. 21 ವ್ಯಾಟಿನ ಎರಡು ಬಲ್ಬುಗಳು 3.5 ಆಂಪಿಯರ್ ಎಳೆಯುವುದರಿಂದ 3 ಆಂಪಿಯರ್‌ನದು ತಡೆಯದು. ಲ್ಯಾಮಿಂಗ್ಟನ್ ರೋಡಿನಲ್ಲಿ 6 ಆಂಪಿಯರ್‌ನದನ್ನೇ ಕೇಳಿ ತನ್ನಿ.

ಬ್ಯಾಟರಿ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಕಾವಲಿಗಿರುವ ಅಲಾರ್ಮ್ 20 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 0.48 ಆಂಪಿಯರ್-ಅವರ್. 35 ಆಂಪಿಯರ್-ಅವರ್‌ನ ಬ್ಯಾಟರಿ 36 ದಿನಕ್ಕೆ ಅರ್ಧ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆ ಹಾಕಿಟ್ಟ ಗಾಡಿಯಲ್ಲಿ ಅಲಾರ್ಮೂ ಸತ್ತಿರುತ್ತದೆ, ಬ್ಯಾಟರಿಯೂ ಸತ್ತಿರುತ್ತದೆ. ವಾರಕ್ಕೊಮ್ಮೆ ನಿಂತಲ್ಲೇ ಇಂಜಿನ್ ಓಡಿಸಿದರೆ ಉಪಯೋಗವಿಲ್ಲ, ಐಡಲ್‌ನಲ್ಲಿ ಡೈನಮೋ ಚಾರ್ಜ್ ಕೊಡುವುದೇ ಇಲ್ಲ. ಅರ್ಧ ತಾಸು ರಸ್ತೆಯಲ್ಲಿ ಓಡಿಸಿ, ಇಲ್ಲವೇ ಸಣ್ಣ ಚಾರ್ಜರ್ ಹಚ್ಚಿಡಿ.

ಸೈರನ್ ಒಂದೇ ಸ್ವರದ್ದಿರಲಿ, 30 ಸೆಕೆಂಡಿಗೆ ನಿಲ್ಲಲಿ. ಮಳೆನೀರು ನಿಲ್ಲದಂತೆ ಬಾಯಿ ಕೆಳಮುಖವಾಗಿರಲಿ. ಅಲುಗಾಟ ಗುರುತಿಸುವ ಶಾಕ್ ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ಬೆಸ್ಟ್ ಬಸ್ಸು ಹಾದುಹೋಗುವಾಗ ನಿಂತು ಹೊಂದಿಸಿ. ಗಣಪತಿ ಮೆರವಣಿಗೆಯ ಢೋಲಿಗೆಲ್ಲ ಕೂಗುವ ಗಾಡಿಯತ್ತ ನಿಜವಾದ ಕಳವಿನ ರಾತ್ರಿ ಯಾರೂ ತಿರುಗಿ ನೋಡುವುದಿಲ್ಲ.

ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನ ಹಾಕಿಸಿ ಆಟೊಮೊಬೈಲ್ ಅಸೋಸಿಯೇಷನ್‌ನ ಪ್ರಮಾಣಪತ್ರ ಪಡೆದರೆ, 2002ರ ಮೋಟಾರ್ ಟ್ಯಾರಿಫ್ ಪ್ರಕಾರ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ಪ್ರೀಮಿಯಮ್ಮಿನಲ್ಲಿ ಶೇ. 2.5, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಇತ್ತು. ಈಗ ಸಿಗುತ್ತದೆಯೇ ಎಂದು ವಿಮೆಯವರನ್ನು ಕೇಳಿ ನೋಡಿ.

ಕೆಲಸ ಮುಗಿದ ದಿನವೇ ಯಾವ ಬಣ್ಣದ ವಯರು ಎಲ್ಲಿಗೆ ಹೋಗಿದೆ, ಫ್ಯೂಸ್ ಎಲ್ಲಿದೆ ಎಂದು ಮೆಕ್ಯಾನಿಕ್ ಕೈಯಲ್ಲೇ ಹಾಳೆಯಲ್ಲಿ ಬರೆಸಿಕೊಳ್ಳಿ. ಆ ಹಾಳೆ ಮನೆಯ ಕಪಾಟಿನಲ್ಲಿರಲಿ, ಗಾಡಿಯಲ್ಲಿ ಬೇಡ.

— ಹಳೆ ಕಾರುಗಳ ವಯರಿಂಗ್ ಕೆಲಸಗಾರರು, ಮಾಟುಂಗಾ, ಮುಂಬಯಿ