ಭಾನುವಾರದ ವಂಶಾವಳಿ ಸಭೆ: ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಇಂಗ್ಲೆಂಡಿನ ಗಿರಣಿ ಕಾರ್ಮಿಕರ ಮನೆತನಕ್ಕೆ ಸೇರಿದ ತಮ್ಮ ಪತಿ ಅಥವಾ ಪತ್ನಿಯ ಪೂರ್ವಿಕರನ್ನು ಹುಡುಕುತ್ತಿರುವವರು, ಭಾನುವಾರ ಸಂಜೆ 5 ಗಂಟೆಯ ಆನ್‌ಲೈನ್ ಸಭೆಗೆ ಮೊದಲೇ 1851ರ ಜನಗಣತಿಯಲ್ಲಿ ಆ ಕುಟುಂಬದ ಪುಟವನ್ನು ತೆಗೆದಿಟ್ಟುಕೊಳ್ಳಬೇಕೆಂದು ವಿನಂತಿ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದೈದರ ಲೆಕ್ಕಕ್ಕೆ ಇಳಿಸಿ ಬರೆದಿರುವುದರಿಂದ, 34 ವರ್ಷದ ನೇಕಾರ ಅಲ್ಲಿ 30ರವನಾಗಿ ಕಾಣಬಹುದು. ಅದನ್ನೇ ನಂಬಿ ಹುಟ್ಟಿದ ವರ್ಷವನ್ನು ನಿರ್ಧರಿಸಬೇಡಿ. 1851ರಲ್ಲಿ ಹುಟ್ಟಿದ ಊರನ್ನೂ ಕೇಳಿ ಬರೆದುಕೊಂಡಿದ್ದಾರೆ, ಆ ಊರಿನ ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕವೇ ಮುಂದಿನ ಹೆಜ್ಜೆ. 1813ರಿಂದೀಚಿನ ಅಚ್ಚಿನ ನಮೂನೆಗಳಲ್ಲಿ ತಂದೆಯ ಕಸುಬಿಗೂ ಒಂದು ಅಂಕಣವಿದೆ. ಆಸ್ತಿಪತ್ರ, ಉಯಿಲು ಯಾವುದೂ ಇಲ್ಲದ ಬಡ ಕುಟುಂಬಗಳಿಗೆ ಅದು ಬಹಳ ಬೆಲೆಯುಳ್ಳದ್ದು, ದಯವಿಟ್ಟು ಅದನ್ನು ಬಿಡದೆ ಓದಿ.

ಭಾಗವಹಿಸುವವರು ಮನೆತನದ ಹೆಸರನ್ನೂ ಊರನ್ನೂ ಶುಕ್ರವಾರದೊಳಗೆ ಇಲ್ಲಿ ತಿಳಿಸಿ. ಬದುಕಿರುವವರ ವಿವರಗಳನ್ನು ಗುಂಪಿನಲ್ಲಿ ಹಾಕಬೇಡಿ.