ಧ್ಯಾನಕೂಟದಲ್ಲಿ ಧ್ಯಾನಕ್ಕೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಊರೂರಿನ ಚರ್ಚುಗಳ ಧ್ಯಾನಕೂಟದ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಹೆಸರೇನೋ ಧ್ಯಾನಕೂಟ, ಆದರೆ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು ಬಂದ ನನ್ನಂಥವರ ನೆನಪಿನಲ್ಲಿ ಉಳಿಯುವುದು ಧ್ವನಿವರ್ಧಕ, ಕೀಬೋರ್ಡು, ಡ್ರಮ್ಮು ಮತ್ತು ಒಬ್ಬರ ಬೆನ್ನಿಗೊಬ್ಬರಂತೆ ಬರುವ ಬೋಧಕರು. ಅಲ್ಲಿ ಎಷ್ಟೋ ನೊಂದವರಿಗೆ ಸಾಂತ್ವನ ಸಿಕ್ಕಿದೆ, ಕುಡಿತ ಬಿಟ್ಟವರನ್ನೂ ನಾನು ಬಲ್ಲೆ. ಆದ್ದರಿಂದ ಹಾಡು, ಸ್ತುತಿ ಬೇಡವೆಂಬುದು ನನ್ನ ವಾದವಲ್ಲ. ದೇವರೊಡನೆ ಮಾತನಾಡಲು ಇಷ್ಟೊಂದು ಹೊತ್ತು ಮೀಸಲಿಡುವ ನಾವು ದೇವರ ಮಾತನ್ನು ಕೇಳಿಸಿಕೊಳ್ಳಲು ಐದು ನಿಮಿಷವನ್ನೂ ಬಿಡುತ್ತಿಲ್ಲವೆಂಬುದಷ್ಟೇ ನನ್ನ ತಕರಾರು.

ಕ್ಯಾಥೋಲಿಕರಾದ ನಾವು ಭಾನುವಾರ ಚರ್ಚಿನಲ್ಲಿ ಸೇರುವ ಬಲಿಪೂಜೆಯಲ್ಲೂ ಇದೇ ಕಥೆ. ಜಗತ್ತಿನ ಕ್ಯಾಥೋಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯ ಕುರಿತು ಹೊರಡಿಸಿದ, ಸಂವಿಧಾನವೆಂದು ಕರೆಯುವ ದಾಖಲೆಯ 30ನೇ ಪರಿಚ್ಛೇದವು ಜನರು ಪೂಜೆಯಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಹೇಳುತ್ತದೆ. ಹಾಡು, ಪ್ರತ್ಯುತ್ತರಗಳನ್ನು ಹೆಸರಿಸಿದ ಮೇಲೆ ಅಲ್ಲಿಯೇ ತಕ್ಕ ಸಮಯದ ಭಕ್ತಿಪೂರ್ವಕ ಮೌನವನ್ನೂ ಸೇರಿಸುತ್ತದೆ. ಎಂದರೆ ಸುಮ್ಮನಿರುವುದು ಕೂಡ ಪಾಲ್ಗೊಳ್ಳುವ ಒಂದು ಬಗೆಯೇ. ಬೈಬಲಿನ ವಾಚನ ಅಥವಾ ಗುರುಗಳ ಪ್ರಬೋಧನೆಯ ನಂತರ ಕೇಳಿದ್ದನ್ನು ಮನನ ಮಾಡಲು, ಪರಮಪ್ರಸಾದವನ್ನು, ಎಂದರೆ ಕ್ರಿಸ್ತನ ದೇಹವೆಂದು ನಾವು ನಂಬುವ ರೊಟ್ಟಿಯನ್ನು, ಸ್ವೀಕರಿಸಿದ ಮೇಲೆ ಮನದೊಳಗೇ ದೇವರನ್ನು ಸ್ತುತಿಸಲು ಮೌನವಿರಬೇಕೆಂದು ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 45ನೇ ಪರಿಚ್ಛೇದ ತಿಳಿಸುತ್ತದೆ. ಪೂಜೆ ಆರಂಭವಾಗುವ ಮೊದಲು ಚರ್ಚಿನೊಳಗೂ ಗುರುಗಳು ಪೂಜಾವಸ್ತ್ರ ತೊಡುವ ಕೋಣೆಯಲ್ಲೂ ಮೌನವಿರುವುದು ಒಳ್ಳೆಯದೆಂದು ಕೂಡ ಅಲ್ಲಿದೆ. ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ನಡೆಯುವುದು ಬೇರೆ. ಮೊದಲ ವಾಚನ ಓದಿದವರು ಮೆಟ್ಟಿಲಿಳಿಯುವಷ್ಟರಲ್ಲಿ ಗಾನವೃಂದ ಕೀರ್ತನೆ ಹಿಡಿದಿರುತ್ತದೆ. ಪರಮಪ್ರಸಾದದ ಹಾಡು ಮುಗಿಯುತ್ತಿದ್ದಂತೆ ಹಬ್ಬದ ವಂತಿಗೆ, ಮದುವೆಯ ಪ್ರಕಟಣೆ, ವಾಹನ ನಿಲ್ಲಿಸುವ ಜಾಗದ ಸೂಚನೆ ಶುರುವಾಗುತ್ತವೆ.

ಬೈಬಲಿನ ಬಾಲಕ ಸಮುವೇಲನ ಕಥೆಯನ್ನು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಕಲಿತವರೇ. ದೇವರು ಕರೆದಾಗಲೆಲ್ಲ ಹುಡುಗನು ಮುದುಕ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಮೂರನೇ ಸಲ ಬಂದಾಗಲೇ ಏಲಿಗೆ ಅದು ಯಾರ ಕರೆಯೆಂದು ಹೊಳೆಯುವುದು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಏಲಿ. ಕಣ್ಣು ಮಂಜಾಗಿದ್ದ, ಮಕ್ಕಳನ್ನು ತಿದ್ದಲಾರದೆ ಹೋಗಿದ್ದ ಆ ವೃದ್ಧ ಹುಡುಗನಿಗೆ ಉಪದೇಶ ಮಾಡಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ನಿನ್ನ ದಾಸನು ಕೇಳುತ್ತಿದ್ದಾನೆ ಎನ್ನು ಎಂದಷ್ಟೇ ಹೇಳಿ ಕಳುಹಿಸಿದ. ಕೇಳುವುದನ್ನು ಕೂಡ ಯಾರಾದರೂ ಕಲಿಸಿಕೊಡಬೇಕಾಗುತ್ತದೆ. (ದೇವದೂತನ ಮಾತನ್ನು ನಂಬದ ಯಾಜಕ ಜಕರೀಯನು ಮಗ ಹುಟ್ಟಿ ಹೆಸರಿಡುವವರೆಗೂ ಮೂಕನಾಗಿರಬೇಕಾಯಿತೆಂಬುದನ್ನು ನಮ್ಮ ಗುರುಗಳಿಗೆ ನೆನಪಿಸಿದರೆ ಅವರು ಕ್ಷಮಿಸುವರೆಂದು ನಂಬಿದ್ದೇನೆ.)

ನಮ್ಮ ನಾಡಿಗೆ ಈ ದಾರಿ ಹೊಸತಲ್ಲ. ಆರನೇ ಶತಮಾನದ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯ ಮೊದಲ ಪದವೇ ‘ಆಲಿಸು’. ಅದನ್ನು ಅನುಸರಿಸುವ ಆಶೀರ್ವನಂ ಮಠ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ಫಾದರ್ ಅಮಲೋರ್ಪವದಾಸ್ ಅವರು ಕಟ್ಟಿದ ಅಂಜಲಿ ಆಶ್ರಮವು ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿದೆ. ಇವೆಲ್ಲ ಸನ್ಯಾಸಿಗಳಿಗೆ ಸರಿ, ದುಡಿದು ತಿನ್ನುವವರಿಗೆ ಪುರುಸೊತ್ತೆಲ್ಲಿ ಎನ್ನುವವರಿದ್ದಾರೆ. ನನ್ನ ತಾಯಿ ಕೂಲಿ ಮಾಡಿ ನಮ್ಮನ್ನು ಸಾಕಿದವರು. ರಾತ್ರಿ ಜಪಸರ ಮುಗಿದು ನಾವು ಊಟಕ್ಕೆ ಓಡಿದ ಮೇಲೂ ಅವರು ಮೇಣದಬತ್ತಿಯ ಮುಂದೆ ಸ್ವಲ್ಪ ಹೊತ್ತು ಹಾಗೆಯೇ ಕೂತಿರುತ್ತಿದ್ದರು. ಅಮ್ಮ ತೂಕಡಿಸುತ್ತಿದ್ದಾರೆಂದು ನಾವು ನಗುತ್ತಿದ್ದೆವು. ಊರಿನ ಹೆಂಗಸರು ಕಷ್ಟ ಹೇಳಿಕೊಳ್ಳಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದುದು ಯಾಕೆಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಇಂದು ನಾವು ಗುಂಪು ಕಟ್ಟಿಕೊಂಡು ರೋಗಿಗಳನ್ನು ನೋಡಲು ಹೋಗುತ್ತೇವೆ, ಹಾಸಿಗೆಯ ಸುತ್ತ ನಿಂತು ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ, ಅವರು ಏನು ಹೇಳಬೇಕೆಂದಿದ್ದರೋ ಅದನ್ನು ಕೇಳದೆಯೇ ಬಾಳೆಹಣ್ಣಿನ ಚೀಲವನ್ನಿಟ್ಟು ಹೊರಡುತ್ತೇವೆ.

ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಮನಸ್ಸು ಮಾಡಿದರೆ ಖರ್ಚಿಲ್ಲದೆ ಆಗುವ ಕೆಲಸಗಳಿವೆ. ಪ್ರಬೋಧನೆಯ ನಂತರ ಎರಡು ನಿಮಿಷ, ಪರಮಪ್ರಸಾದದ ನಂತರ ಎರಡು ನಿಮಿಷ ಮೈಕು ಸುಮ್ಮನಿರಲಿ. ಪ್ರಕಟಣೆಗಳನ್ನು ಬಾಗಿಲ ಬಳಿಯ ಫಲಕಕ್ಕೆ ಹಾಕಲಿ. ಧ್ಯಾನಕೂಟದ ದಿನ ಮಧ್ಯಾಹ್ನದ ಒಂದು ಗಂಟೆಯನ್ನಾದರೂ ಯಾವ ಬೋಧಕರಿಗೂ ಕೊಡದೆ ಜನರಿಗೇ ಬಿಟ್ಟುಕೊಡಲಿ. ನಮ್ಮ ಗಾನವೃಂದದ ಹುಡುಗನೊಬ್ಬ ಈಚೆಗೆ ಹೇಳಿದ: ಪರಮಪ್ರಸಾದ ಸ್ವೀಕರಿಸಿ ಬಂದ ತಕ್ಷಣ ಕೀಬೋರ್ಡಿಗೆ ಕೈಹಾಕಬೇಕಾದ್ದರಿಂದ ನಾಲ್ಕು ವರ್ಷಗಳಿಂದ ಅವನಿಗೆ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂರಲು ಆಗಿಲ್ಲವಂತೆ.

ಇತಿ,
ತಮ್ಮ ಓದುಗ
ಮೈಸೂರು