ಔಟ್‌ಪುಟ್ ಟ್ರಾನ್ಸ್‌ಫಾರ್ಮರ್: ವಾಟ್ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ವಾಲ್ವ್ (ನಿರ್ವಾತ ಕೊಳವೆ) ಆಂಪ್ಲಿಫೈಯರ್ ಕಟ್ಟುವುದನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಸಂತೋಷವಾಯಿತು. ಬೆಂಗಳೂರಿನ ಬಿಇಎಲ್ ಹಿಂದೆ ತಯಾರಿಸುತ್ತಿದ್ದ ಇಎಲ್84 ವಾಲ್ವ್ ಒಂದನ್ನೇ ಬಳಸಿ ಆರಂಭಿಸಿರೆಂಬ ಸಲಹೆ ಸರಿಯಾದದ್ದೇ. ಆದರೆ ವಾಲ್ವನ್ನು ಸ್ಪೀಕರಿಗೆ ಹೊಂದಿಸಿಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವಿಷಯವನ್ನು ‘ಹತ್ತು ವಾಟಿನದು ಸಾಕು’ ಎಂದು ಒಂದೇ ಮಾತಿನಲ್ಲಿ ಮುಗಿಸಿರುವುದು ಹೊಸಬರ ಹಣ ಕಳೆಯುವ ಸಲಹೆ.

ಈ ವಾಲ್ವಿನ ಪ್ಲೇಟಿಗೆ (ಔಟ್‌ಪುಟ್ ತುದಿಗೆ) ಸುಮಾರು 5000 ಓಮ್ ಲೋಡ್ ಬೇಕು. ನಮ್ಮ ಸ್ಪೀಕರು 8 ಓಮಿನದು. ಇವೆರಡರ ಅನುಪಾತ 625, ಅದರ ವರ್ಗಮೂಲ 25. ಅಂದರೆ ವಾಲ್ವಿನ ಕಡೆಯ ಸುರುಳಿಯಾದ ಪ್ರೈಮರಿಯಲ್ಲಿ 25 ಸುತ್ತಿಗೆ ಸ್ಪೀಕರಿನ ಕಡೆಯ ಸುರುಳಿಯಾದ ಸೆಕೆಂಡರಿಯಲ್ಲಿ ಒಂದು ಸುತ್ತು. ಈ ಲೆಕ್ಕವನ್ನಷ್ಟೇ ನಂಬಿ ನಾನೂ ಒಮ್ಮೆ 230 ವೋಲ್ಟನ್ನು 9 ವೋಲ್ಟಿಗೆ ಇಳಿಸುವ ಸಾಧಾರಣ ಪವರ್ ಟ್ರಾನ್ಸ್‌ಫಾರ್ಮರನ್ನು ಜೋಡಿಸಿದೆ. ಗಾಯನ ಕೇಳಿಸಿತು, ಪಿಟೀಲೂ ಕೇಳಿಸಿತು. ಮೃದಂಗದ ಎಡಮುಖದ ನಾದ ಮಾತ್ರ ಒಡಕು ಮಡಕೆಯ ಸದ್ದಾಯಿತು.

ಒಂದೇ ವಾಲ್ವಿನ ಸರ್ಕಿಟ್‌ನಲ್ಲಿ ಹಾಡು ಇರಲಿ ಬಿಡಲಿ, ಸುಮಾರು 48 ಮಿಲಿಆಂಪಿಯರ್ ಏಕಮುಖ ವಿದ್ಯುತ್ತು ಪ್ರೈಮರಿಯಲ್ಲಿ ಹರಿಯುತ್ತಲೇ ಇರುವುದರಿಂದ, ಇಂಗ್ಲಿಷಿನ ಇ ಮತ್ತು ಐ ಅಕ್ಷರಗಳ ಆಕಾರದ ಕಬ್ಬಿಣದ ಪಟ್ಟಿಗಳನ್ನು (ಸ್ಟ್ಯಾಂಪಿಂಗ್) ಅದಲುಬದಲಾಗಿ ಹೆಣೆದ ಪವರ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣವು ಅಷ್ಟರಿಂದಲೇ ಕಾಂತತ್ವ ತುಂಬಿಹೋಗಿ, ಮಂದ್ರಸ್ವರಗಳಿಗೆ ಎಡೆಯನ್ನೇ ಉಳಿಸುವುದಿಲ್ಲ. ಇಂಥಲ್ಲಿ ಇ ಪಟ್ಟಿಗಳೆಲ್ಲ ಒಂದು ಕಡೆ, ಐ ಪಟ್ಟಿಗಳೆಲ್ಲ ಇನ್ನೊಂದು ಕಡೆ ಇದ್ದು, ನಡುವೆ ತೆಳುವಾದ ಕಾಗದದ ಗ್ಯಾಪ್ ಇರಬೇಕು. ಗ್ಯಾಪ್ ಕೊಟ್ಟರೆ ಇಂಡಕ್ಟೆನ್ಸ್ (ಮಂದ್ರಸ್ವರಗಳನ್ನು ಉಳಿಸಿಕೊಡುವ, ಹೆನ್ರಿಯಲ್ಲಿ ಅಳೆಯುವ ಗುಣ) ಇಳಿಯುತ್ತದೆ; ಮಂದ್ರಸ್ವರಗಳು 30 ಹರ್ಟ್ಸ್‌ವರೆಗೆ ಕೇಳಿಸಬೇಕಾದರೆ ಸುಮಾರು 26 ಹೆನ್ರಿ ಬೇಕಾದ್ದರಿಂದ ಕಬ್ಬಿಣವನ್ನೂ ಸುತ್ತುಗಳನ್ನೂ ಹೆಚ್ಚಿಸದೆ ವಿಧಿಯಿಲ್ಲ. ಐದು ವಾಟಿನ ಒಳ್ಳೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಅಷ್ಟು ಭಾರವಾಗಿರುವುದು ಇದಕ್ಕೇ. ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಷ್-ಪುಲ್ ಸರ್ಕಿಟ್‌ನಲ್ಲಿ ಇಬ್ಬದಿಯ ಏಕಮುಖ ವಿದ್ಯುತ್ತು ಪರಸ್ಪರ ರದ್ದಾಗುವುದರಿಂದ ಈ ತೊಡಕು ಬಹುಮಟ್ಟಿಗೆ ಇಲ್ಲ.

ಆದ್ದರಿಂದ ವೈಂಡಿಂಗ್ ಮಾಡುವವರು ‘ಎಷ್ಟು ವಾಟ್?’ ಎಂದಷ್ಟೇ ಕೇಳಿದರೂ ನಾವು ಪ್ರೈಮರಿಯ ಓಮ್, ಅದರಲ್ಲಿ ಸದಾ ಹರಿಯುವ ಮಿಲಿಆಂಪಿಯರ್, ಪೂರ್ಣ ಶಕ್ತಿಯಲ್ಲಿ ಬೇಕಾದ ಕನಿಷ್ಠ ಹರ್ಟ್ಸ್ ಈ ಮೂರನ್ನೂ ಬರೆದುಕೊಡಬೇಕು. ತಾರಸ್ವರಗಳು ಮಂಕಾಗದಿರಲು ಪ್ರೈಮರಿಯನ್ನು ಎರಡು ಭಾಗ ಮಾಡಿ ನಡುವೆ ಸೆಕೆಂಡರಿ ಸುತ್ತುವಂತೆಯೂ ಕೇಳಬೇಕು.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಮಾತು: ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರಿಗೆ ಹಾಡು ಕೊಟ್ಟರೆ ಪ್ರೈಮರಿಯಲ್ಲಿ ಏಳುವ ಅಧಿಕ ವೋಲ್ಟೇಜು ಇನ್ಸುಲೇಷನನ್ನೇ ಸುಡಬಹುದು.

ಇಂತಿ,
ಓರ್ವ ಹವ್ಯಾಸಿ, ಮೈಸೂರು